ಕೋಡಿಗೆ ಬಂದು ಬಿದ್ದ ಬೂಬಿ

ಮಳೆಗಾಲದಲ್ಲಿ ನಾನು ಕ್ಯಾಮೆರಾ ಮುಟ್ಟುವುದು ಕಡಿಮೆ. ಕುಂದಾಪುರದ ಜುಲೈ ಅಂದ್ರೆ ಗೋಡೆಗೆ ನೇತುಹಾಕಿದ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ, ಲೆನ್ಸನ್ನು ಬಿಡುತ್ತದಾ? ಅಕ್ಕಿ ಡಬ್ಬಿಯಂಥ ಒಂದು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎಲ್ಲವನ್ನೂ ಮುಚ್ಚಿಟ್ಟು, ಜೆರಾಕ್ಸ್ ಅಂಗಡಿಯಲ್ಲಿ ಕೂತಿರುತ್ತೇನೆ. ಶಾಲೆ ಕಾಲೇಜು ಶುರುವಾಗುವ ಕಾಲ, ಕೆಲಸವೂ ಜಾಸ್ತಿ.

ಹಾಗೆ ಒಂದು ಬೆಳಿಗ್ಗೆ ಶಟರ್ ಎತ್ತುವಾಗ ಫೋನ್ ಬಂತು. ನಮ್ಮೂರ ಕಡಲ ದಂಡೆ ಕೋಡಿಯಲ್ಲಿ ಕೈರಂಪಣಿ, ಅಂದ್ರೆ ದಡದಿಂದ ಎಳೆಯುವ ಮೀನು ಬಲೆ, ಎಳೆಯುವ ಪರಿಚಯದವರು.

"ಹ್ವಾಯ್, ನಿಮ್ಗ್ ಹಕ್ಕಿ ಬೇಕಲ್ದಾ? ಇಲ್ಲೊಂದ್ ಬಿದ್ಕಂಡಿತ್ತ್. ಬೇಗ ಬನ್ನಿ, ನಾಯಿ ಬಿಡುದಿಲ್ಲ."

ಅವರಿಗೆ ನನ್ನ ಪರಿಚಯ ಆದದ್ದೇ ನಾನು ಮರಳಿನಲ್ಲಿ ಬಿದ್ಕೊಂಡಿದ್ದಾಗ. ಯಾರೋ ಕುಡಿದು ಬಿದ್ದಿದ್ದಾನೆ ಅಂದುಕೊಂಡು ಎಬ್ಬಿಸಲು ಬಂದಿದ್ದರು. ನವೆಂಬರ್‌ನಿಂದ ಮಾರ್ಚ್‌ವರೆಗೆ ಭಾನುವಾರ ಬೆಳಿಗ್ಗೆ ಆರೂವರೆಗೆಲ್ಲ ನಾನು ಅಲ್ಲಿರುತ್ತೇನೆ, ಹಳೇ ಪ್ಯಾಂಟು ಹಾಕಿಕೊಂಡು, ಹೊಟ್ಟೆ ಮೇಲೆ ಮಲಗಿ. ಪಡುಗಡಲಿನ ಒಂದು ಅನುಕೂಲ ಏನಂದ್ರೆ ಬೆಳಗಿನ ಸೂರ್ಯ ಊರಿನ ಕಡೆಯಿಂದ ಬರುತ್ತಾನೆ. ಊರಿಗೆ ಬೆನ್ನು ಹಾಕಿ ಮಲಗಿದರೆ ಬೆಳಕು ನೇರ ಹಕ್ಕಿಯ ಮುಖಕ್ಕೆ. ಸಂಜೆ ಹೋದರೆ ಎಲ್ಲವೂ ಕಪ್ಪು ಬೊಂಬೆಗಳೇ.

ಹಾಗೆ ಮಲಗಿ ನಾನು ಕಾಯುವುದು ಹೆಚ್ಚಾಗಿ ಸಣ್ಣ ಹಕ್ಕಿಗಳಿಗೆ. ಅಲೆ ಹಿಂದೆ ಸರಿದಾಗ ಅದರ ಹಿಂದೆಯೇ ಓಡಿ ಹಸಿ ಮರಳಿಗೆ ಕೊಕ್ಕು ಚುಚ್ಚಿ, ಮುಂದಿನ ಅಲೆ ಬಂದಾಗ ಕಾಲು ಒದ್ದೆಯಾಗದ ಹಾಗೆ ವಾಪಸ್ ಓಡಿ ಬರುವ ಸ್ಯಾಂಡರ್ಲಿಂಗ್. ಆರ್ಕ್ಟಿಕ್‌ನಲ್ಲಿ ಮರಿ ಮಾಡುವ ಹಕ್ಕಿ ಅದು, ಅಂಗೈ ತುಂಬುವಷ್ಟೂ ಇಲ್ಲ. ಅದರ ಕಾಲು ಫೋಟೋದಲ್ಲಿ ನಿಲ್ಲಬೇಕಾದರೆ ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/2000ಕ್ಕೆ ಇಡಬೇಕು. ಆಮೇಲೆ ಸ್ಯಾಂಡ್ ಪ್ಲೋವರ್‌ಗಳು, ಅವೂ ದಡದ ಸಣ್ಣ ಹಕ್ಕಿಗಳೇ. ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತ ನಾನು ವರ್ಷಗಟ್ಟಲೆ ಹೆಸರು ಬರೆದಿಟ್ಟದ್ದನ್ನು ಈಗ ಎರಡು ಜಾತಿ ಮಾಡಿದ್ದಾರೆ. ನಮ್ಮ ಕಡೆಯದ್ದು ಟಿಬೆಟನ್ ಸ್ಯಾಂಡ್ ಪ್ಲೋವರ್ ಆಯಿತು. ಹಳೇ ಫೋಲ್ಡರ್‌ಗಳ ಹೆಸರೆಲ್ಲ ಬದಲಿಸುವಷ್ಟರಲ್ಲಿ ಎರಡು ರಾತ್ರಿ ಹೋಯಿತು.

ಪ್ಲೋವರ್ ಮೂರು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಹೆಕ್ಕುತ್ತದೆ. ಹೆಕ್ಕುವುದು ಬಿಟ್ಟು ತಲೆ ಎತ್ತಿ ನಿಂತಿತು ಅಂದ್ರೆ ನಾನು ಜಾಸ್ತಿ ಹತ್ತಿರ ಹೋದೆ ಅಂತ ಲೆಕ್ಕ. ಆಗ ಅಲ್ಲೇ ಮುಖ ತಗ್ಗಿಸಿ ಸುಮ್ನೆ ಬಿದ್ಕೊಳ್ಳಬೇಕು. ಐದು ನಿಮಿಷ, ಹತ್ತು ನಿಮಿಷ. ಉಬ್ಬರ ಏರುತ್ತಿದ್ದರೆ ಒಳ್ಳೆಯದು, ನೀರೇ ಅವನ್ನು ನಮ್ಮ ಕಡೆ ತಳ್ಳಿಕೊಂಡು ಬರುತ್ತದೆ. ಹೀಗೆ ಒಂದೊಂದು ಅಡಿ ಹತ್ತಿರವಾಗುವುದಕ್ಕೆ ಒಂದು ಭಾನುವಾರ ಪೂರ್ತಿ ಹೋದದ್ದುಂಟು.

ಜುಲೈನ ಆ ಹಕ್ಕಿಗೆ ಅದ್ಯಾವುದೂ ಬೇಕಿರಲಿಲ್ಲ. ಅಳಿವೆಯ ಈಚೆ, ಮರಳಿನ ಮೇಲೆ, ಹದಿನೈದು ಇಪ್ಪತ್ತು ಜನರ ನಡುವೆ ಕೂತಿತ್ತು. ಬಾತುಕೋಳಿಗಿಂತ ದೊಡ್ಡದು. ಮೈಯೆಲ್ಲ ಬಿಳಿ, ರೆಕ್ಕೆಯ ಅಂಚು ಕಪ್ಪು, ಹಳದಿ ಕೊಕ್ಕು. ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ಮಾತ್ರ ಕಪ್ಪು ಬಣ್ಣ, ಯಕ್ಷಗಾನದ ಚೌಕಿಯಿಂದ ಅರ್ಧ ವೇಷದಲ್ಲೇ ಎದ್ದು ಬಂದವರ ಹಾಗೆ. ಮಾಸ್ಕ್ಡ್ ಬೂಬಿ! ನಡುಗಡಲಲ್ಲಿ ಬದುಕುವ, ಸಾಗರದ ದ್ವೀಪಗಳಲ್ಲಿ ಗೂಡು ಮಾಡುವ ಹಕ್ಕಿ. ಮುಂಗಾರಿನ ಗಾಳಿಗೆ ಸಿಕ್ಕಿ, ಮೀನು ಸಿಗದೆ ಸುಸ್ತಾಗಿ ಕೆಲವು ನಮ್ಮ ಕರಾವಳಿಗೆ ಬಂದು ಬೀಳುತ್ತವೆ. ಪುಸ್ತಕದಲ್ಲಿ ನೋಡಿದ್ದೆ ಅಷ್ಟೆ.

ಕೊಕ್ಕಿಗೆ ಯಾರೋ ರಬ್ಬರ್ ಬ್ಯಾಂಡ್ ಸುತ್ತಿದ್ದರು. ತಪ್ಪು ಅವರದ್ದೂ ಅಲ್ಲ. ಹಿಡಿಯಲು ಹೋದ ಒಬ್ಬ ಹುಡುಗನ ಮುಂಗೈ ಸೀಳಿತ್ತು, ರಕ್ತ ಸೋರುತ್ತಿತ್ತು. ಬೂಬಿಯ ಕೊಕ್ಕಿನ ಅಂಚು ಗರಗಸದ ಹಾಗೆ.

ನಾನು ಮಾಡಿದ್ದು ಹೇಳುತ್ತೇನೆ. ಕ್ಯಾಮೆರಾ ತೆಗೆದೆ. ದೂರದ ಹಕ್ಕಿ ತೆಗೆಯುವ ನನ್ನ 150-600 ಎಂಎಂ ಲೆನ್ಸಿಗೆ ಫೋಕಸ್ ಆಗಬೇಕಾದರೆ ಕಡಿಮೆ ಅಂದರೂ 2.8 ಮೀಟರ್ ದೂರ ಬೇಕು. ಹಕ್ಕಿ ಅದಕ್ಕಿಂತ ಹತ್ತಿರ ಇತ್ತು. ಫೋಕಸ್ ಹಿಂದಕ್ಕೆ ಮುಂದಕ್ಕೆ ಹೋಗಿ ಬಂದು ನಿಲ್ಲುತ್ತಲೇ ಇರಲಿಲ್ಲ. "ಸ್ವಲ್ಪ ಹಿಂದೆ ಬನ್ನಿ, ಹಿಂದೆ ಬನ್ನಿ" ಅಂತ ಜನರನ್ನು ತಳ್ಳುತ್ತಾ ನಾನೂ ಹಿಂದೆ ಹೋದೆ. ಹಕ್ಕಿ ತಲೆ ಕೊಡವುತ್ತಿತ್ತು, ಗಂಟಲಿನ ಚರ್ಮ ಪಟಪಟ ಬಡಿದುಕೊಳ್ಳುತ್ತಿತ್ತು. ಸಿಟ್ಟು ಅಂದುಕೊಂಡೆ. ಹನ್ನೊಂದು ಫೋಟೋ ತೆಗೆದೆ.

ಆಮೇಲೆ ಉಡುಪಿಯಲ್ಲಿರುವ ಒಬ್ಬ ಗೆಳೆಯನಿಗೆ ಫೋನಿನಲ್ಲಿ ಒಂದು ಚಿತ್ರ ಕಳಿಸಿದೆ. ಅವನು ಪಶುವೈದ್ಯ, ಹಕ್ಕಿ ಹುಚ್ಚೂ ಇದೆ. ಅರ್ಧ ನಿಮಿಷದಲ್ಲಿ ಅವನದ್ದೇ ಫೋನ್. ನಮಸ್ಕಾರ ಇಲ್ಲ, ಏನಿಲ್ಲ. "ಮೊದಲು ಆ ರಬ್ಬರ್ ಬ್ಯಾಂಡ್ ತೆಗಿಯೋ! ಅದಕ್ಕೆ ಮೂಗಿನ ಹೊಳ್ಳೆ ಇಲ್ಲ!"

ಹೌದಂತೆ. ಬೂಬಿ ಕಡಲಿಗೆ ಮೇಲಿನಿಂದ ಧುಮುಕಿ ಮೀನು ಹಿಡಿಯುವ ಹಕ್ಕಿ. ಬೇರೆ ಹಕ್ಕಿಗಳ ಹಾಗೆ ಕೊಕ್ಕಿನ ಮೇಲೆ ತೂತು ಇದ್ದರೆ ಧುಮುಕಿದ ಹೊಡೆತಕ್ಕೆ ನೀರು ಒಳಗೆ ನುಗ್ಗುತ್ತದಲ್ವಾ? ಅದಕ್ಕೆ ಹೊರಗಿನ ಹೊಳ್ಳೆಗಳೇ ಮುಚ್ಚಿಹೋಗಿವೆ. ಉಸಿರಾಟ ಬಾಯಿಯ ಮೂಲೆಯಿಂದ. ನಾವು ಕಟ್ಟಿದ್ದು ಅದನ್ನೇ.

ರಬ್ಬರ್ ಬ್ಯಾಂಡ್ ನಾನೇ ತೆಗೆದೆ. ತಲೆ ಮೇಲೆ ಟವೆಲ್ ಹಾಕಿ, ಹಿಂದಿನಿಂದ ಕುತ್ತಿಗೆ ಹಿಡಿದು. ಕೊಕ್ಕು ತೆರೆದು ಅದು ಎಳೆದುಕೊಂಡ ಉಸಿರು ಕೈಗೆ ಗೊತ್ತಾಯಿತು. ಎದೆಯ ನಡುಮೂಳೆ ಕತ್ತಿಯ ಹಾಗೆ ಚೂಪಾಗಿತ್ತು, ಎರಡೂ ಕಡೆ ಮಾಂಸವೇ ಇಲ್ಲ. ನೋಡಲು ಅಷ್ಟು ದೊಡ್ಡ ಹಕ್ಕಿ, ಎತ್ತಿದರೆ ತೂಕವೇ ಇಲ್ಲ. ಯಾರೋ ಬಾಯಿಗೆ ಬೂತಾಯಿ ಮೀನು ತುರುಕಲು ಬಂದರು, ಇನ್ನೊಬ್ಬರು ಬಾಟಲಿ ನೀರು. ಗೆಳೆಯ ಎರಡೂ ಬೇಡ ಅಂದಿದ್ದ. ವಾಪಸ್ ಸಮುದ್ರಕ್ಕೆ ಬಿಡೋಣ ಅನ್ನುವವರೂ ಇದ್ದರು. ಹಾರಲಾಗದ ಹಕ್ಕಿಯನ್ನು ಆ ಅಲೆಗೆ ಬಿಟ್ಟರೆ ಕಥೆ ಅಲ್ಲಿಗೆ ಮುಗಿಯಿತು.

ನನ್ನ ಕಾರಿನಲ್ಲಿ ಎ4 ಪೇಪರ್ ಬರುವ ರಟ್ಟಿನ ಪೆಟ್ಟಿಗೆ ಇತ್ತು. ಬಾಲವೇ ಹೊರಗೆ ಉಳಿಯಿತು. ಕೊನೆಗೆ ಪಕ್ಕದ ಮನೆಯವರು ಏರ್ ಕೂಲರ್‌ನ ಪೆಟ್ಟಿಗೆ ಕೊಟ್ಟರು. ತೂತು ಮಾಡಿ, ಅಡಿಗೆ ಟವೆಲ್ ಹಾಸಿ, ಮುಚ್ಚಿದೆವು. ಕತ್ತಲಾದ ಕೂಡಲೇ ಸುಮ್ಮನಾಯಿತು. ಸುಮ್ಮನಾಗದವರು ಸೆಲ್ಫಿ ಬೇಕು, ಒಂದು ಸಲ ಮುಚ್ಚಳ ತೆಗೀರಿ ಅನ್ನುವವರು. ಹನ್ನೊಂದು ಫೋಟೋ ತೆಗೆದ ನಾನು ಅವರಿಗೆ ಬೈದೆ. ಈಗ ನೆನೆದರೆ ನಾಚಿಕೆ.

ಅರಣ್ಯ ಇಲಾಖೆಯವರು ಬಂದು ಒಯ್ದರು. ಕಾಡು ಹಕ್ಕಿಯನ್ನು ನಾವು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ಮೊದಲ ದಿನ ನಳಿಗೆಯಲ್ಲಿ ದ್ರವ ಮಾತ್ರ, ಆಮೇಲೆ ಸಣ್ಣ ಮೀನು. ಐದನೇ ದಿನ ತಾನೇ ಎತ್ತಿ ನುಂಗಿತಂತೆ.

ಒಂಬತ್ತನೇ ದಿನ ಬಿಡುವುದು ಅಂತಾಯಿತು. ದೋಣಿಯಲ್ಲಿ ದೂರ ಒಯ್ದು ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಗಂಗೊಳ್ಳಿ ಬಂದರಿನ ಬೋಟುಗಳೆಲ್ಲ ಕಟ್ಟಿಹಾಕಿದ್ದವು. ನಾಡದೋಣಿಯವರು ಆ ಕಡಲನ್ನು ನೋಡಿ ತಲೆ ಅಲ್ಲಾಡಿಸಿದರು. ಮಳೆ ಕಡಿಮೆಯಾದ ಒಂದು ಹೊತ್ತು ನೋಡಿ ದಡದಲ್ಲೇ, ಗಾಳಿಗೆ ಮುಖ ಮಾಡಿ ಕೂರಿಸಿದರು. ನಾನು ಈ ಸಲ ಮೂವತ್ತು ಮೀಟರ್ ದೂರ. ಲೆನ್ಸಿಗೆ ಹಾಲಿನ ಪ್ಯಾಕೆಟ್ ತರುವ ಪ್ಲಾಸ್ಟಿಕ್ ಚೀಲ ತೊಡಿಸಿ, ಅದು ಜಾರದ ಹಾಗೆ ರಬ್ಬರ್ ಬ್ಯಾಂಡ್ ಹಾಕಿದ್ದೆ. ಅದೇ ರಬ್ಬರ್ ಬ್ಯಾಂಡ್, ಅವತ್ತು ಪ್ಯಾಂಟಿನ ಜೇಬಿಗೆ ಹೋಗಿತ್ತು.

ಐದು ನಿಮಿಷ ಅದು ಅಲ್ಲಾಡಲಿಲ್ಲ. ಆಮೇಲೆ ರೆಕ್ಕೆ ಬಿಚ್ಚಿತು, ಒಂದು ಆಳಿನ ಉದ್ದ ಇರಬೇಕು. ನಾಲ್ಕು ಹೆಜ್ಜೆ ಓಡಿ ಎದ್ದಿತು, ಮೊದಲ ಅಲೆಯ ಮೇಲೆಯೇ ಕುಸಿಯಿತು, ನೊರೆಯಲ್ಲಿ ಕಾಣದಾಯಿತು. ಯಾರೋ "ಹೋಯ್ತ್" ಅಂದರು. ಎರಡನೇ ಅಲೆ ಏರುವಾಗ ಅದರ ನೆತ್ತಿಯಿಂದಲೇ ಎದ್ದು, ನೀರಿಗೆ ಒತ್ತಿಕೊಂಡ ಹಾಗೆ ಪಡುವಣಕ್ಕೆ ಹೋಯಿತು.

ಅರವತ್ತು ಚಿಲ್ಲರೆ ಫೋಟೋಗಳಲ್ಲಿ ಒಂದು ಬಿಟ್ಟು ಎಲ್ಲದರಲ್ಲೂ ಫೋಕಸ್ ಮಳೆಹನಿಯ ಮೇಲಿದೆ. ಆ ಒಂದರಲ್ಲಿ ಬೂಬಿಯ ಬೆನ್ನು ಮಾತ್ರ ಕಾಣುತ್ತದೆ. ಅಂಗಡಿಯಲ್ಲಿ ಎ3 ಪ್ರಿಂಟ್ ತೆಗೆದು ಮೆಷಿನ್ನಿನ ಮೇಲೆ ಅಂಟಿಸಿದ್ದೇನೆ.