ಅಜ್ಜಿಯ ಸೋಬಾನೆ ಪದಗಳು: ಆರನೇ ವಾರ

ಅಜ್ಜಿಯ ಹಾಡುಗಳನ್ನು ಹಳೇ ಕಂಪ್ಯೂಟರ್ ಫೈಲ್‌ನಿಂದ ಈಗ ಓದಲು ಬರುವ ಕನ್ನಡಕ್ಕೆ ತರುತ್ತಿದ್ದೇನೆ. ಈ ವಾರ 131ನೇ ಪದ ಮುಗಿಯಿತು. ಇನ್ನು 41 ಉಳಿದಿವೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಅಜ್ಜಿ ಹಾಡುತ್ತಿದ್ದ 172 ಪದಗಳನ್ನು 2002ರಲ್ಲಿ ದಾವಣಗೆರೆ ಮಂಡಿಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆವು. ದುಡ್ಡು ಸಾಲದೆ ಅಚ್ಚಾದದ್ದು 40 ಮಾತ್ರ. ಉಳಿದವು ಒಂದು ಸಿಡಿಯಲ್ಲಿದ್ದವು. ಅಜ್ಜಿ ಈಗಿಲ್ಲ. ಬರೆದಿಟ್ಟ ನೋಟ್‌ಬುಕ್ ಮಳೆಗೆ ನೆಂದು ಹೋಯಿತು.

ಪುಟ ಕಟ್ಟಿದ್ದು ಪೇಜ್‌ಮೇಕರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಪುಣ್ಯಕ್ಕೆ ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಸಾಫ್ಟ್‌ವೇರ್ 2015ರಿಂದ ಆ ಫೈಲ್ ತೆರೆಯುತ್ತದೆ. ಆದರೆ ತೆರೆದರೆ ಕನ್ನಡವೇ ಇಲ್ಲ! ಪುಟದ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕೆ, ಗೆರೆ.

ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಯಾವ ತುಂಡು ಎಲ್ಲಿ ಅನ್ನೋದು ಕಂಪನಿಗೊಂದು ಥರ. ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತಗಳ ಪಟ್ಟಿ ಯುನಿಕೋಡ್. ಅದರಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ನಮ್ಮ ಅಂಗಡಿ ಇನ್ನೂ ಹಳೇ ದಾರಿಯಲ್ಲೇ ಇತ್ತು. ಫಾಂಟ್ ಕಂಪನಿಯ ಸಾಫ್ಟ್‌ವೇರ್ ನಡೆಯಬೇಕಾದರೆ ಕಂಪ್ಯೂಟರ್‌ನ ಪ್ರಿಂಟರ್ ಪೋರ್ಟ್‌ಗೆ, ನಕಲು ತಡೆಯುವ ಒಂದು ಲಾಕ್ ಸಿಕ್ಕಿಸಬೇಕಿತ್ತು. ಆ ಲಾಕ್ ಕೆಟ್ಟಿತು. ಕಂಪನಿಯವರು ಫೋನ್ ಎತ್ತಲಿಲ್ಲ. ನಮ್ಮಜ್ಜಿಯ ಹಾಡು ಓದೋಕೆ ಇನ್ಯಾರದೋ ಅಪ್ಪಣೆ ಬೇಕಾಗಿತ್ತಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಅಚ್ಚಾದ 40 ಪದಗಳನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ಗುರುತಿಗೆ ಯಾವ ಅಕ್ಷರ ಅಂತ ಪಟ್ಟಿ ಮಾಡಿದೆ. ಜಾಸ್ತಿ ಕಾಡಿದ್ದು ಅರ್ಕಾವತ್ತು. ಹಳೇ ಫಾಂಟ್‌ನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ. ಯುನಿಕೋಡ್‌ನಲ್ಲಿ ಬಾಯಲ್ಲಿ ಬರುವಂತೆ ಅಕ್ಷರಕ್ಕೆ ಮೊದಲು. ಹಾಗಾಗಿ 'ಪಂಚವರ್ಣದ ಗಿಣಿ' ಹೋಗಿ 'ಪಂಚವಣರ್ದ ಗಿಣಿ' ಆಯಿತು. 'ಕರ್ಪೂರದಾರತಿ' 'ಕಪೂರ್ರದಾರತಿ' ಆಯಿತು. ಅಕ್ಷರವನ್ನು ಅದರ ಗುಣಿತ, ಒತ್ತಿನ ಸಮೇತ ದಾಟಿಸಿ 'ರ್' ಮುಂದಕ್ಕೆ ತರೋಕೆ ಮೂರು ಸಂಜೆ ಹಿಡಿಯಿತು.

"ಮಾಮ, ಫೋನಲ್ಲಿ ಒಂದು ಆ್ಯಪ್ ಇದೆ, ಅದ್ರಲ್ಲೇ ಹಾಕಿಡು" ಅಂದ ತಂಗಿಯ ಮಗ. ಎರಡು ಪದ ಹಾಕಿ, ಹೊರಗೆ ತೆಗೆಯೋಕಾಗುತ್ತಾ ಅಂತ ಇಬ್ಬರೂ ನೋಡಿದೆವು. ಚಿತ್ರವಾಗಿ ಬಂತು, ಅಕ್ಷರವಾಗಿ ಬರಲಿಲ್ಲ. ಬೇಡ ಅಂದೆ. ಈಗ ಎಲ್ಲವೂ ಸಾದಾ ಟೆಕ್ಸ್ಟ್ ಫೈಲ್‌ಗಳಲ್ಲಿವೆ. ಒಂದು ಪ್ರತಿ ನನ್ನ ಲ್ಯಾಪ್‌ಟಾಪ್‌ನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ತಂಗಿ ಮನೆಯಲ್ಲಿ.

ಭಾನುವಾರ ಅವ್ವನ ಮುಂದೆ 97ನೇ ಪದ ಓದಿದೆ. ಮೂರನೇ ಸಾಲಿನಲ್ಲಿ 'ರ' ಪಕ್ಕ ಪಟ್ಟಿಯಲ್ಲಿಲ್ಲದ ಒಂದು ಗುರುತು, ಆಮೇಲೆ 'ಲ್ಲು'. ನಾನು ತಡವರಿಸಿದೆ. ಅವ್ವ ಕಣ್ಣು ಮುಚ್ಚಿ, ಅಜ್ಜಿಯ ಧಾಟಿಯಲ್ಲೇ ಹಾಡಿದಳು: "ಝಲ್ಲು ಝಲ್ಲೆನುತ..." ಪಟ್ಟಿಗೆ 'ಝ' ಸೇರಿಸಿದೆ.