ಕ್ರೇಟ್ ಎಂಜಿನ್ ತರಬೇಕಾ, ಕೈಯಾರೆ ಕಟ್ಟಬೇಕಾ?

ಹಳೇ ಗಾಡಿಗಳ ಹುಚ್ಚು ಇರುವವರು ನನ್ನನ್ನು ಕಂಡ ಕೂಡಲೇ ಕೇಳುವುದು ಇದನ್ನೇ. "ಎಂಜಿನ್ ಹೋಗಿದೆ. ರೆಡಿ ಇರುವ ಕ್ರೇಟ್ ಎಂಜಿನ್ ತಂದು ಕೂರಿಸಲಾ, ಇಲ್ಲ ಇರುವುದನ್ನೇ ಬಿಚ್ಚಿ ನಾನೇ ಕಟ್ಟಲಾ?" ನಿಂತ ಕಾಲಲ್ಲಿ ಕೊಟ್ಟ ಉತ್ತರ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೂತು ಅಳೆಯುವ ತಾಳ್ಮೆ ನಿಮಗಿದ್ದರೆ ಕಟ್ಟಿ. ಭಾಗಗಳನ್ನು ಜೋಡಿಸುವ ಆಸೆ ಮಾತ್ರ ಇದ್ದರೆ ಕ್ರೇಟ್ ಎಂಜಿನ್ ತಗೊಳ್ಳಿ. ದುಡ್ಡು, ಪವರ್, ಸಮಯ ಎಲ್ಲವೂ ಇದರ ನಂತರ ಬರುವ ಮಾತು.

ಕ್ರೇಟ್ ಅಂದರೆ ಮರದ ಪೆಟ್ಟಿಗೆ. ಪೂರ್ತಿ ಜೋಡಿಸಿದ ಎಂಜಿನ್ ಪೆಟ್ಟಿಗೆಯಲ್ಲಿ ಬರುತ್ತಿದ್ದುದರಿಂದ ಆ ಹೆಸರು. ಆದರೆ "ಪೂರ್ತಿ" ಎನ್ನುವ ಮಾತಿಗೆ ಬೇರೆ ಬೇರೆ ಅರ್ಥಗಳಿವೆ. ಶಾರ್ಟ್ ಬ್ಲಾಕ್ ಎಂದರೆ ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ನಿನ ಒಡಲು), ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ), ಕನೆಕ್ಟಿಂಗ್ ರಾಡ್, ಪಿಸ್ಟನ್ ಅಷ್ಟೇ. ಲಾಂಗ್ ಬ್ಲಾಕ್ ಎಂದರೆ ಅದರ ಮೇಲೆ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಮುಚ್ಚಳ), ವಾಲ್ವ್‌ಗಳು, ಅವುಗಳನ್ನು ತೆರೆಯಿಸುವ ಕ್ಯಾಮ್ ಎನ್ನುವ ದಂಡ ಕೂಡ ಸೇರುತ್ತವೆ. ಕಾರ್ಬುರೇಟರ್ ಅಥವಾ ಇಂಜೆಕ್ಷನ್, ಡಿಸ್ಟ್ರಿಬ್ಯೂಟರ್ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹಂಚುವ ಭಾಗ), ವಾಟರ್ ಪಂಪ್ ಎಲ್ಲ ಹಾಕಿಕೊಂಡು ಬರುವುದು ಇನ್ನೊಂದು. ಕೊಳ್ಳುವ ಮೊದಲು ಇವುಗಳಲ್ಲಿ ಯಾವುದು ಎಂದು ಕೇಳಿ. ಬ್ಲಾಕ್ ಹೊಸದಾ, ಹಳೇ ಬ್ಲಾಕನ್ನು ರೀಬೋರ್ ಮಾಡಿದ್ದಾ (ಸಿಲಿಂಡರ್‌ಗಳನ್ನು ಮತ್ತೆ ಕೊರೆದು ಅಗಲ ಮಾಡಿದ್ದಾ) ಎಂದೂ ಕೇಳಿ. ಎರಡನ್ನೂ ಕ್ರೇಟ್ ಎಂಜಿನ್ ಎಂದೇ ಮಾರುತ್ತಾರೆ.

ಉದಾಹರಣೆಗೆ ಶೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ತಗೊಳ್ಳೋಣ. ನನಗೆ ಬರುವ ಪ್ರಶ್ನೆಗಳಲ್ಲಿ ಜಾಸ್ತಿ ಅದರದ್ದೇ. 1955ರಲ್ಲಿ 265 ಕ್ಯೂಬಿಕ್ ಇಂಚಿನಲ್ಲಿ ಶುರುವಾದ ಎಂಜಿನ್ ಅದು. 1967ರಲ್ಲಿ 350 ಬಂತು. ನಾಲ್ಕು ಇಂಚಿನ ಬೋರ್ (ಸಿಲಿಂಡರಿನ ಅಗಲ), 3.48 ಇಂಚಿನ ಸ್ಟ್ರೋಕ್ (ಪಿಸ್ಟನ್ ಓಡುವ ದೂರ). ಇಷ್ಟು ವರ್ಷ ಇಷ್ಟು ಜನ ಬಿಚ್ಚಿ ಕಟ್ಟಿದ ಎಂಜಿನ್ ಬೇರೆ ಇರಲಾರದು ಎನ್ನುವುದು ನನ್ನ ನಂಬಿಕೆ. ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ.

ಈಗ ಅಳತೆಯ ವಿಷಯ. ನನ್ನ ಉತ್ತರವೆಲ್ಲ ಇದರ ಮೇಲೇ ನಿಂತಿದೆ.

ಎಂಜಿನ್ ಕಟ್ಟುವುದು ಅಂದರೆ ನಟ್ಟು ಬೋಲ್ಟು ಬಿಗಿಯುವುದು ಎಂದು ಹೊರಗಿನಿಂದ ಅನಿಸುತ್ತದೆ. ನಿಜವಾಗಿ ಬಿಗಿಯುವ ಕೆಲಸ ಒಂದೆರಡು ದಿನದ್ದು. ಉಳಿದದ್ದೆಲ್ಲ ಅಳತೆ. 350ರ ಕ್ರ್ಯಾಂಕ್‌ನ ಮೇನ್ ಜರ್ನಲ್ (ಬೇರಿಂಗಿನಲ್ಲಿ ತಿರುಗುವ ದುಂಡು ಭಾಗ) ಸುಮಾರು 2.45 ಇಂಚು ದಪ್ಪ. ಅದು ಕೂರುವ ಬೇರಿಂಗಿಗೂ ಅದಕ್ಕೂ ನಡುವೆ ಎರಡೂವರೆ ಥೌ ಸಂದು ಬೇಕು. ಥೌ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಎರಡೂವರೆ ಥೌ ಅಂದರೆ ಸರಿಸುಮಾರು ಒಂದು ತಲೆಗೂದಲಿನ ದಪ್ಪ. ಆಯಿಲ್ ಆ ಸಂದಿನಲ್ಲಿ ಪದರವಾಗಿ ನಿಂತು ಇಡೀ ಕ್ರ್ಯಾಂಕನ್ನು ಹೊರುತ್ತದೆ. ಸಂದು ಕಮ್ಮಿಯಾದರೆ ಬೇರಿಂಗ್ ಸುಟ್ಟು ಹೋಗುತ್ತದೆ. ಜಾಸ್ತಿಯಾದರೆ ಆಯಿಲ್ ಪ್ರೆಶರ್ ನಿಲ್ಲುವುದಿಲ್ಲ.

ಪಿಸ್ಟನ್ ಸುತ್ತ ಬಳೆಯಂತೆ ಕೂರುವ ರಿಂಗಿನ ಕಥೆಯೂ ಹೀಗೇ. ರಿಂಗಿನ ಎರಡು ತುದಿಗಳ ನಡುವೆ ಬಿಡುವು ಇರಬೇಕು. ಟರ್ಬೊ ಇಲ್ಲದ ರಸ್ತೆಯ ಎಂಜಿನ್‌ಗೆ ಬೋರಿನ ಒಂದೊಂದು ಇಂಚಿಗೆ ನಾಲ್ಕು ಥೌ ಎಂದು ಲೆಕ್ಕ. ನಾಲ್ಕು ಇಂಚಿನ ಬೋರಿಗೆ ಹದಿನಾರು ಥೌ. ಅಷ್ಟು ಬಿಡದಿದ್ದರೆ ಏನಾಗುತ್ತದೆ? ಬಿಸಿಗೆ ರಿಂಗ್ ಹಿಗ್ಗುತ್ತದೆ. ಎರಡು ತುದಿಗಳೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಮುಂದೆ ಹಿಗ್ಗಲು ಜಾಗವಿಲ್ಲದೆ ರಿಂಗ್ ಗೋಡೆಯನ್ನು ಕೆರೆಯುತ್ತದೆ, ಇಲ್ಲವೇ ಪಿಸ್ಟನ್ನೇ ಒಡೆಯುತ್ತದೆ. ಅದಕ್ಕೇ ಒಂದೊಂದು ರಿಂಗನ್ನೂ ಅದು ಹೋಗುವ ಸಿಲಿಂಡರಿನೊಳಗೇ ನೇರ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಬೇಕು. ಕಮ್ಮಿ ಇದ್ದರೆ ತುದಿಯನ್ನು ಅರದಲ್ಲಿ ಉಜ್ಜಿ ಮತ್ತೆ ನೋಡಬೇಕು. ಎಂಟು ಸಿಲಿಂಡರ್, ಎರಡೆರಡು ಕಂಪ್ರೆಶನ್ ರಿಂಗ್. ಹದಿನಾರು ಸಲ ಇದೇ ಕೆಲಸ. ಐದನೆಯ ರಿಂಗಿಗೇ ನಿಮಗೆ ಬೇಜಾರಾಗುವುದಾದರೆ, ದಯವಿಟ್ಟು ಕ್ರೇಟ್ ಎಂಜಿನ್ ತಗೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಳೆಯದೆ ಜೋಡಿಸಿದರೆ ಏನಾಗುತ್ತದೆ ಎಂದರೆ, ನೀವು ಕ್ರೇಟ್ ಎಂಜಿನ್ನನ್ನೇ ಬಿಡಿ ಬಿಡಿಯಾಗಿ ಕೊಂಡಂತಾಗುತ್ತದೆ. ವಾರಂಟಿ ಮಾತ್ರ ಇರುವುದಿಲ್ಲ.

ನೀವೇ ಕಟ್ಟಿದರೂ ಎಲ್ಲವನ್ನೂ ನೀವೇ ಮಾಡುವುದಿಲ್ಲ ಎನ್ನುವುದೂ ಗೊತ್ತಿರಲಿ. ಬ್ಲಾಕ್ ತೊಳೆಯುವುದು, ಬಿರುಕು ಇದೆಯಾ ನೋಡುವುದು, ಬೋರ್ ಹೊಡೆಯುವುದು, ಹೋನಿಂಗ್ (ಬೋರಿನ ಒಳಗೋಡೆಯನ್ನು ಉಜ್ಜಿ ಸರಿ ಮಾಡುವುದು), ಕ್ರ್ಯಾಂಕ್ ಗ್ರೈಂಡಿಂಗ್, ಬ್ಯಾಲೆನ್ಸಿಂಗ್ ಎಲ್ಲ ಮಷೀನ್ ಶಾಪಿನ ಕೆಲಸ. ಒಳ್ಳೆಯ ಶಾಪನ್ನು ಗುರುತಿಸಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. "ಹೋನಿಂಗ್ ಮಾಡುವಾಗ ಟಾರ್ಕ್ ಪ್ಲೇಟ್ ಹಾಕುತ್ತೀರಾ?" ಹೆಡ್ ಬೋಲ್ಟ್ ಬಿಗಿದಾಗ ಸಿಲಿಂಡರಿನ ಗೋಡೆ ಸ್ವಲ್ಪ ಎಳೆದುಕೊಳ್ಳುತ್ತದೆ. 350ರಲ್ಲಿ ಒಂದೊಂದು ಬೋಲ್ಟಿಗೂ 65 ಅಡಿ-ಪೌಂಡ್ ಬಿಗಿತ ಬೀಳುತ್ತದೆ. ಹೆಡ್ ಇಲ್ಲದೆ ದುಂಡಗೆ ಉಜ್ಜಿದ ಬೋರ್, ಹೆಡ್ ಹಾಕಿದ ಮೇಲೆ ದುಂಡಗೆ ಉಳಿಯುವುದಿಲ್ಲ. ಅದಕ್ಕೇ ಹೆಡ್ಡಿನ ಜಾಗದಲ್ಲಿ ದಪ್ಪ ಪ್ಲೇಟ್ ಬಿಗಿದು, ಎಳೆದುಕೊಂಡ ಸ್ಥಿತಿಯಲ್ಲೇ ಹೋನ್ ಮಾಡುತ್ತಾರೆ. ಈ ಪ್ರಶ್ನೆಗೆ ಸಮಾಧಾನವಾಗಿ ಉತ್ತರಿಸುವ ಮನುಷ್ಯನ ಕೈಗೆ ಬ್ಲಾಕ್ ಕೊಡಬಹುದು.

ನನ್ನ ಮೊದಲನೇ ಎಂಜಿನ್ ಕೆಟ್ಟದ್ದು ಹೇಗೆ ಎಂದು ಹೇಳಲೇಬೇಕು. ಅಳತೆಗಳೆಲ್ಲ ಸರಿ ಇದ್ದವು. ತಪ್ಪಿದ್ದು ಕೊನೆಯ ಗಂಟೆಯಲ್ಲಿ. ಒಂದನೇ ಪಿಸ್ಟನ್ ಮೇಲೆ ಬಂದಿದೆ ಎಂದು ನೋಡಿ ಡಿಸ್ಟ್ರಿಬ್ಯೂಟರ್ ಕೂರಿಸಿದೆ. ಆದರೆ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಮ್ಮೆ ಗಾಳಿ-ಪೆಟ್ರೋಲನ್ನು ಒತ್ತುವ ಕಂಪ್ರೆಶನ್‌ನಲ್ಲಿ, ಒಮ್ಮೆ ಹೊಗೆ ಹೊರಹಾಕುವ ಎಕ್ಸಾಸ್ಟ್‌ನಲ್ಲಿ. ನಾನು ನೋಡಿದ್ದು ಎಕ್ಸಾಸ್ಟ್‌ನದ್ದು. ಸ್ಪಾರ್ಕ್ ತಪ್ಪು ಹೊತ್ತಿಗೆ ಬರುತ್ತಿತ್ತು. ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ಹೊಡೆಯುತ್ತಲೇ ಇದ್ದೆ. ಹೊಸ ಕ್ಯಾಮ್ ಸವೆಯದಿರಲಿ ಎಂದು ಅದರ ಮೇಲೆ ಹಚ್ಚಿದ್ದ ಪೇಸ್ಟ್ ಅಷ್ಟರಲ್ಲಿ ಒರೆಸಿಹೋಗಿತ್ತು. ಕೊನೆಗೆ ತಪ್ಪು ಗೊತ್ತಾಗಿ ಸ್ಟಾರ್ಟ್ ಆಯಿತು. ಆ ಖುಷಿಯಲ್ಲಿ ಐಡ್ಲಿಂಗ್‌ನಲ್ಲೇ ಬಿಟ್ಟು ಟೈಮಿಂಗ್ ಸರಿ ಮಾಡುತ್ತಾ ನಿಂತೆ.

ಅದು ಫ್ಲಾಟ್ ಟ್ಯಾಪೆಟ್ ಕ್ಯಾಮ್, ಅಂದರೆ ಅದರ ಲೋಬುಗಳು (ವಾಲ್ವ್ ಎತ್ತುವ ಉಬ್ಬುಗಳು) ಟ್ಯಾಪೆಟ್ಟಿನ ಚಪ್ಪಟೆ ತಳಕ್ಕೆ ಉಜ್ಜಿಕೊಂಡು ತಿರುಗುತ್ತವೆ. ಅದರ ಲೋಬುಗಳಿಗೆ ಆಯಿಲ್ ಸಿಗುವುದು ಬಹುಪಾಲು ಕ್ರ್ಯಾಂಕ್ ತಿರುಗುವಾಗ ಸಿಡಿಯುವ ಹನಿಗಳಿಂದ. ಐಡ್ಲಿಂಗ್‌ನಲ್ಲಿ ಆ ಸಿಡಿತ ಸಾಲದು. ಹೊಸ ಕ್ಯಾಮ್ ಹಾಕಿದಾಗ ಸ್ಟಾರ್ಟ್ ಆದ ಕ್ಷಣದಿಂದಲೇ ಆರ್‌ಪಿಎಂ 2000ಕ್ಕಿಂತ ಮೇಲೆ ಹಿಡಿದು ಇಪ್ಪತ್ತು ಮೂವತ್ತು ನಿಮಿಷ ಓಡಿಸಬೇಕು. ಆಯಿಲ್‌ನಲ್ಲಿ ಜಿಂಕ್ ಅಂಶವೂ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಎಂದು ಈಗಿನ ಆಯಿಲ್‌ಗಳಲ್ಲಿ ಅದನ್ನು ಕಮ್ಮಿ ಮಾಡಿದ್ದಾರೆ. ನನ್ನ ಕ್ಯಾಮಿನ ಎರಡು ಲೋಬುಗಳು ಸವೆದು ಸಪಾಟಾದವು. ಆ ಕಬ್ಬಿಣದ ಪುಡಿ ಆಯಿಲ್ ಜೊತೆ ಎಲ್ಲ ಬೇರಿಂಗ್‌ಗೂ ಹೋಯಿತು. ಇಡೀ ಎಂಜಿನ್ ಮತ್ತೆ ಇಳಿಸಿದೆ, ಮತ್ತೆ ಬಿಚ್ಚಿದೆ.

ಎರಡನೇ ಸಲ ಉಜ್ಜುವ ಬದಲು ಉರುಳುವ ರೋಲರ್ ಕ್ಯಾಮ್ ಹಾಕಿದೆ. ಡಿಸ್ಟ್ರಿಬ್ಯೂಟರ್ ಕೂರಿಸುವ ಮೊದಲು ಅದರ ತೂತಿನಿಂದಲೇ ಡ್ರಿಲ್ ಮಷೀನ್‌ನಲ್ಲಿ ಆಯಿಲ್ ಪಂಪ್ ತಿರುಗಿಸಿ, ಮೇಲೆ ವಾಲ್ವ್ ಒತ್ತುವ ರಾಕರ್‌ಗಳವರೆಗೆ ಆಯಿಲ್ ಬಂದದ್ದನ್ನು ಕಣ್ಣಾರೆ ನೋಡಿದೆ. ಸ್ಪಾರ್ಕ್ ಪ್ಲಗ್ಗಿನ ತೂತಿಗೆ ಬೆರಳಿಟ್ಟು, ಗಾಳಿ ಹೊರಗೆ ತಳ್ಳುವುದನ್ನು ಮುಟ್ಟಿ ನೋಡಿ, ಅದು ಕಂಪ್ರೆಶನ್ನೇ ಎಂದು ಖಾತ್ರಿ ಮಾಡಿಕೊಂಡೆ. ಸ್ಟಾರ್ಟ್ ಆದಾಗ ಕೇಳಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಆ ಎಂಜಿನ್‌ನಲ್ಲಿ ಈಗ ಏನಾದರೂ ಟಕ್ ಟಕ್ ಎಂದರೆ ಎಲ್ಲಿಂದ ಬರುತ್ತಿದೆ ಎಂದು ನನಗೆ ಗೊತ್ತಾಗುತ್ತದೆ. ಕೊಂಡ ಎಂಜಿನ್ ಇದನ್ನು ಕಲಿಸುವುದಿಲ್ಲ.

ಹಾಗಂತ ಕ್ರೇಟ್ ಎಂಜಿನ್ ಸುಲಭ ಎಂದುಕೊಳ್ಳಬೇಡಿ. ಎಂಜಿನ್ ಬರುತ್ತದೆ, ಅದರ ಸುತ್ತಲಿನದು ಬರುವುದಿಲ್ಲ. ಹಳೇ 350 ತೆಗೆದು 1986ರ ನಂತರದ ವಿನ್ಯಾಸದ 350 ಹಾಕಿದರೂ ಹಳೇ ಫ್ಲೈವೀಲ್ (ಕ್ರ್ಯಾಂಕಿನ ಹಿಂತುದಿಯ ಭಾರದ ಚಕ್ರ) ಕೂರುವುದಿಲ್ಲ. ಕ್ರ್ಯಾಂಕ್ ಹಿಂದಿನ ಸೀಲ್ ಒಂದೇ ತುಂಡಿನದ್ದಾದಾಗ ಫ್ಲೈವೀಲಿನ ಬೋಲ್ಟ್ ತೂತುಗಳ ವೃತ್ತ 3.58 ಇಂಚಿನಿಂದ 3 ಇಂಚಿಗೆ ಇಳಿಯಿತು. ಬ್ಯಾಲೆನ್ಸ್ ಮಾಡುವ ರೀತಿಯೂ ಬದಲಾಯಿತು. ಹಳೇ ಗಾಡಿಗೆ ಶೆವ್ರೊಲೆಯ ಹೊಸ ಪೀಳಿಗೆಯ ವಿ8 ಆದ ಎಲ್‌ಎಸ್3 ಹಾಕುತ್ತೇನೆ ಎಂದರೆ ಪಟ್ಟಿ ಇನ್ನೂ ಉದ್ದ. 6.2 ಲೀಟರ್, 430 ಹಾರ್ಸ್‌ಪವರ್ ಎಂದರೆ ಆಸೆ ಆಗುವುದು ಸಹಜ ಅಲ್ವಾ. ಆದರೆ ಎಂಜಿನ್ ಮೌಂಟ್ ಬೇರೆ, ಆಯಿಲ್ ಸಂಪ್ ಕೆಳಗಿನ ಕ್ರಾಸ್‌ಮೆಂಬರಿಗೆ ತಾಗುತ್ತದೆ, ವೈರಿಂಗ್ ಮತ್ತು ಕಂಪ್ಯೂಟರ್ ಬೇಕು, ಎಕ್ಸಾಸ್ಟ್ ಹೊಸದಾಗಿ ಬೇಕು. ಕಾರ್ಬುರೇಟರಿಗೆ ಆರೇಳು ಪಿಎಸ್‌ಐ ಒತ್ತಡ ಕೊಡುತ್ತಿದ್ದ ಪೆಟ್ರೋಲ್ ಪಂಪ್ ಸಾಲದು, ಇದಕ್ಕೆ 58 ಪಿಎಸ್‌ಐ ಕೊಡುವ ಪಂಪ್ ಬೇಕು. ಎಂಜಿನ್ನಿಗೆ ಇಟ್ಟ ದುಡ್ಡು ಎಂಜಿನ್ನಿಗಷ್ಟೇ ಸಾಕಾಗುತ್ತದೆ.

ಪವರಿನ ಅಂಕಿಯನ್ನೂ ಹಾಗೇ ನಂಬಬೇಡಿ. ಅದು ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ, ಅನುಕೂಲದ ಸ್ಥಿತಿಯಲ್ಲಿ ಸಿಕ್ಕಿದ್ದು. ಗಾಡಿಯಲ್ಲಿ ಕೂತು, ಆಲ್ಟರ್ನೇಟರ್, ಪವರ್ ಸ್ಟೀರಿಂಗ್, ಸೈಲೆನ್ಸರ್ ಎಲ್ಲ ಸೇರಿದ ಮೇಲೆ ಚಕ್ರಕ್ಕೆ ಅಷ್ಟು ತಲುಪುವುದಿಲ್ಲ.

ಖರ್ಚಿನಲ್ಲಿ ಯಾವುದು ಕಮ್ಮಿ ಎಂದರೆ, ಸಾಧಾರಣ 350 ಬೇಕಾದರೆ ಕ್ರೇಟ್ ಎಂಜಿನ್ನೇ ಎನ್ನುತ್ತೇನೆ. ಸಾವಿರಗಟ್ಟಲೆ ಪಿಸ್ಟನ್ ಒಟ್ಟಿಗೆ ಮಾಡುವವರ ಲೆಕ್ಕವೇ ಬೇರೆ. ಅಳತೆಯ ಉಪಕರಣ ನಿಮ್ಮ ಹತ್ತಿರ ಇಲ್ಲದಿದ್ದರೆ ಅದೂ ಖರ್ಚೇ. ಕ್ರೇಟ್ ಎಂಜಿನ್ ಇನ್ನೊಂದು ಕಡೆಯೂ ಗೆಲ್ಲುತ್ತದೆ. ಅಮೆರಿಕದ ಮಣ್ಣಿನ ಟ್ರ್ಯಾಕ್ ರೇಸುಗಳಲ್ಲಿ 350 ಹಾರ್ಸ್‌ಪವರಿನ 602, 400ರ 604 ಎಂಬ ಜಿಎಂ (ಶೆವ್ರೊಲೆಯ ಒಡೆಯ ಕಂಪನಿ ಜನರಲ್ ಮೋಟರ್ಸ್) ಎಂಜಿನ್‌ಗಳು ಓಡುತ್ತವೆ. ಅವುಗಳಿಗೆ ಸೀಲ್ ಮಾಡಿದ ಬೋಲ್ಟ್ ಹಾಕಿರುತ್ತಾರೆ, ಯಾರೂ ಒಳಗೆ ಕೈ ಹಾಕುವಂತಿಲ್ಲ. ಎಲ್ಲರ ಎಂಜಿನ್ ಒಂದೇ. ಗೆಲ್ಲಬೇಕಾದರೆ ಚೆನ್ನಾಗಿ ಓಡಿಸಬೇಕು. ನನಗೆ ಈ ಏರ್ಪಾಡು ತುಂಬ ಇಷ್ಟ.

ಬೇರೆಯವರ ಹತ್ತಿರ ಇಲ್ಲದ ಎಂಜಿನ್ ಬೇಕಾದರೆ ಕಟ್ಟುವುದೇ ಸರಿ. 350ರ ಬ್ಲಾಕನ್ನು ಮೂವತ್ತು ಥೌ ಬೋರ್ ಹೊಡೆಸಿ, 3.75 ಇಂಚು ಸ್ಟ್ರೋಕಿನ ಕ್ರ್ಯಾಂಕ್ ಹಾಕಿದರೆ 383 ಆಗುತ್ತದೆ. ಕೆಳಗಿನ ಆರ್‌ಪಿಎಂನಲ್ಲೇ ಅದು ಎಳೆಯುವ ರೀತಿ ನೋಡಬೇಕು. ಗಾಡಿಯ ಜೊತೆಗೇ ಹುಟ್ಟಿದ ಮೂಲ ಎಂಜಿನ್ ಇನ್ನೂ ಇದ್ದರೆ ಅದನ್ನಂತೂ ಬಿಡಬೇಡಿ, ಅದನ್ನೇ ಕಟ್ಟಿಸಿ. ಬಲಗಡೆ ಹೆಡ್ಡಿನ ಮುಂದೆ, ಬ್ಲಾಕಿನ ಮೇಲ್ಮೈಯಲ್ಲಿ ಅದರ ನಂಬರ್ ಹೊಡೆದಿರುತ್ತದೆ. ಬ್ಲಾಕಿನ ಮೇಲ್ಮೈ ಸಮ ಮಾಡುವಾಗ ಆ ನಂಬರ್ ಅಳಿಸಿಹೋಗಬಹುದು. ಕೊಡುವಾಗಲೇ ಶಾಪಿನವರಿಗೆ ಹೇಳಿ, ಮೊದಲೇ ಫೋಟೊ ತೆಗೆದಿಡಿ.

ಮೊದಲ ಸಲ ಮಾಡುವವರಿಗೆ ನಾನು ನಡುವಿನ ದಾರಿ ಹೇಳುವುದುಂಟು. ಶಾರ್ಟ್ ಬ್ಲಾಕ್ ತನ್ನಿ. ಕೆಳಗಿನ ಸೂಕ್ಷ್ಮದ ಕೆಲಸ ಮುಗಿದಿರುತ್ತದೆ. ಹೆಡ್, ಕ್ಯಾಮ್, ಟೈಮಿಂಗ್ ಚೈನ್ ನೀವೇ ಹಾಕಿ. ಕೈ ಪಳಗಿದ ಮೇಲೆ ಮುಂದಿನದ್ದನ್ನು ಬುಡದಿಂದ ಕಟ್ಟಿ.

ಇನ್ನೊಂದು ಮಾತು. ಯಾವ ದಾರಿ ಹಿಡಿದರೂ ಹಳೇ ಎಂಜಿನ್ ಯಾಕೆ ಹೋಯಿತು ಎಂದು ಗೊತ್ತಾಗುವವರೆಗೆ ಹೊಸದನ್ನು ಕೂರಿಸಬೇಡಿ. ರೇಡಿಯೇಟರ್ ಕಟ್ಟಿಕೊಂಡು ಹಳೆಯದು ಬಿಸಿಯಾಗಿ ಸತ್ತಿದ್ದರೆ, ಅದೇ ರೇಡಿಯೇಟರ್ ಹೊಸದನ್ನೂ ಕೊಲ್ಲುತ್ತದೆ. ಬೇರಿಂಗ್ ಪುಡಿಯಾಗಿ ಹೋಗಿದ್ದರೆ ಆ ಪುಡಿ ಆಯಿಲ್ ಕೂಲರಿನ ಸಂದಿಗಳಲ್ಲಿ ಕೂತಿರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಕೂಲರ್ ಹೊಸದೇ ಹಾಕಿ. ಹಳೇ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಏನು ಮಿನುಗುತ್ತದೆ ಎಂದು ನೋಡಿಕೊಂಡು ಬನ್ನಿ, ಆಮೇಲೆ ನಿಮ್ಮ ಎಂಜಿನ್ ಬಗ್ಗೆ ಕೂತು ಮಾತಾಡೋಣ.