ಮೂರು ಇಂಚು

ಅಮ್ಮ ತಂಬುಳಿಗೆ ಕಾಯಿ ರುಬ್ಬಲೆಂದು ಮಿಕ್ಸಿ ತಿರುಗಿಸಿದ್ದೇ ತಡ, ಮೆತ್ತಿನ ಮೇಲೆ, ಅಂದರೆ ಮಹಡಿಯ ಕೋಣೆಯಲ್ಲಿ, ನನ್ನ ಪರದೆಯಲ್ಲಿದ್ದ ಹನ್ನೊಂದು ಮುಖಗಳೂ ಕಲ್ಲಾದವು. ಒಬ್ಬರ ಬಾಯಿ ಅರ್ಧ ತೆರೆದಿತ್ತು, ಇನ್ನೊಬ್ಬರ ಬೆರಳು ಮೂಗಿನ ಹತ್ತಿರ ನಿಂತಿತ್ತು. 'ನನ್ನ ಮಾತು ಕೇಳಿಸುತ್ತಿದೆಯೇ?' ಎಂದು ನಾಲ್ಕು ಸಲ ಕೇಳಿದೆ. ಉತ್ತರ ಬಂದದ್ದು ಅಡುಗೆಮನೆಯಿಂದ. 'ಇನ್ವರ್ಟರ್ ಕೂಗುತ್ತಿದೆ, ಏನೆಂದು ನೋಡು ಬಾರೇ!'

ಅದು 2020ರ ನವೆಂಬರ್. ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಡಿಕೆ ಗೊನೆಯ ಕೊಯ್ಲು ಆಗಷ್ಟೇ ಶುರುವಾಗಿತ್ತು. ಪರದೆಯಲ್ಲಿದ್ದವರಲ್ಲಿ ಅರ್ಧ ಜನ ಜರ್ಮನಿಯವರು. ಅವರಿಗೆ ಬೆಳಿಗ್ಗೆ ಎಂಟಾದಾಗ ನಮಗೆ ಹನ್ನೆರಡೂವರೆ, ಅಂದರೆ ಮಲೆನಾಡಿನ ಎಲ್ಲ ಅಡುಗೆಮನೆಗಳಲ್ಲೂ ಕಾಯಿ ರುಬ್ಬುವ ಹೊತ್ತು. ಮೂರು ವಾರ ದುಡಿದು ಪರೀಕ್ಷಿಸಿದ ತಂತ್ರಾಂಶದ ವರದಿಯನ್ನು ನಾನೇ ಒಪ್ಪಿಸಬೇಕಿತ್ತು. ನಾನು ತಿರುಗಿ ಸಂಪರ್ಕಕ್ಕೆ ಬರುವಷ್ಟರಲ್ಲಿ ಬೆಂಗಳೂರಿನ ಸಹೋದ್ಯೋಗಿಯೊಬ್ಬ ಅದನ್ನು ಒಪ್ಪಿಸಿ ಮುಗಿಸಿದ್ದ. ಚೆನ್ನಾಗಿಯೇ ಒಪ್ಪಿಸಿದ್ದ ಎನ್ನುವುದು ಇನ್ನೂ ಸಂಕಟದ ವಿಷಯ.

ಮಾರ್ಚ್‌ನಲ್ಲಿ ಯುಗಾದಿಗೆಂದು ಎರಡು ಜೊತೆ ಬಟ್ಟೆ, ಒಂದು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವಳು ನಾನು. ಹಬ್ಬ 25ಕ್ಕೆ, ದೇಶಕ್ಕೆ ಬೀಗ ಬಿದ್ದದ್ದೂ ಅಂದೇ. ಹಬ್ಬಕ್ಕೆ ಬಂದ ಮಗಳು ಹೊರಡಲೇ ಇಲ್ಲ. ಮೊದಲ ತಿಂಗಳುಗಳಲ್ಲಿ ಮನೆಯ ಹಿಂದಿನ ಗುಡ್ಡದ ನೇರಳೆ ಮರದ ಬುಡವೇ ನನ್ನ ಕಚೇರಿ, ಏಕೆಂದರೆ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ ಬರುತ್ತಿದ್ದದ್ದು ಅಲ್ಲಿ ಮಾತ್ರ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಾಲ್ಕು ಗೂಟಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೂತೆ. ಒಂದು ಸಭೆಯ ನಡುವೆ ಪಾದದ ಮೇಲೆ ಉಂಬಳ (ಜಿಗಣೆ) ಹತ್ತಿದ್ದು ಕಂಡರೂ ಕ್ಯಾಮೆರಾ ಆನ್ ಇದ್ದುದರಿಂದ ನಗುತ್ತಲೇ ಹದಿನೈದು ನಿಮಿಷ ರಕ್ತ ಕೊಟ್ಟಿದ್ದೇನೆ. ಸೆಪ್ಟೆಂಬರ್‌ನಲ್ಲಿ ಕೇಬಲ್ ಹುಡುಗರು ರಸ್ತೆಯ ಕಂಬದಿಂದ ಬೇಣದ (ತೋಟದ ಪಕ್ಕದ ಹುಲ್ಲುಗಾವಲಿನ) ಅಂಚಿನ ಮರಗಳ ಮೇಲೆ ಆಪ್ಟಿಕಲ್ ಕೇಬಲ್ ಎಳೆದು ತಂದರು. ತೋಟದ ನಡುವೆ ತಂದಿದ್ದರೆ ದೂರ ಅರ್ಧವಾಗುತ್ತಿತ್ತು; ಆದರೆ ಅಡಿಕೆ ಸೋಗೆ ಯಾವಾಗ ಬಿದ್ದು ಎಳೆ ಹರಿಯುತ್ತದೋ ಹೇಳುವಂತಿಲ್ಲ ಎಂದು ಅಪ್ಪಯ್ಯನೇ ಸುತ್ತುದಾರಿ ತೋರಿಸಿದ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಇಂಟರ್‌ನೆಟ್ ಬಂತು, ಹಳೆಯ ಇನ್ವರ್ಟರ್ ಇದೆ, ಮೆತ್ತಿನ ಮೇಲೆ ಖಾಲಿ ಕೋಣೆಯೊಂದಿದೆ. ಕಚೇರಿಗೆ ಇನ್ನೇನು ಬೇಕು? ಮಿಕ್ಸಿ ಉತ್ತರ ಹೇಳಿತು.

ಕರೆಂಟಿನ ಕಥೆ ಚಿಕ್ಕದು. ನಮ್ಮದು 150 ಆಂಪಿಯರ್-ಅವರ್‌ನ ಬ್ಯಾಟರಿ. 12 ವೋಲ್ಟ್‌ನಿಂದ ಗುಣಿಸಿದರೆ 1800 ವ್ಯಾಟ್-ಅವರ್. ಅದರಲ್ಲಿ ಅರ್ಧದಷ್ಟನ್ನೇ ನಂಬಿಕೊಂಡರೂ ಲ್ಯಾಪ್‌ಟಾಪ್, ರೌಟರ್, ಒಂದು ದೀಪ ಎಲ್ಲ ಸೇರಿ ನೂರು ವ್ಯಾಟ್ ದಾಟದ ನನ್ನ ಕೆಲಸ ಒಂದು ದಿನ ಆರಾಮವಾಗಿ ನಡೆಯುತ್ತದೆ. ಆದರೆ ಮಿಕ್ಸಿಯೊಂದೇ 750 ವ್ಯಾಟ್. ತಿರುಗಲು ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಇನ್ವರ್ಟರ್ ಕೈ ಎತ್ತುತ್ತದೆ, ರೌಟರ್ ಕಣ್ಣು ಮುಚ್ಚುತ್ತದೆ. ಎಲೆಕ್ಟ್ರಿಷಿಯನ್ ಬಂದು ಅಡುಗೆಮನೆಯ ಪ್ಲಗ್ಗನ್ನು ಇನ್ವರ್ಟರ್ ಸಾಲಿನಿಂದ ಬಿಡಿಸಿಕೊಟ್ಟ. ರೌಟರಿಗೆ ಪ್ರತ್ಯೇಕವಾಗಿ ಅಂಗೈಯಗಲದ ಒಂದು ಬ್ಯಾಟರಿ ಪೆಟ್ಟಿಗೆ ಕೊಂಡೆ. ಕರೆಂಟ್ ಹೋದಾಗ ಕಾಯಿ ಒರಳಿಗೆ ಹೋಗುತ್ತಿತ್ತು. ತಂಬುಳಿಯ ರುಚಿ ಹೆಚ್ಚಿತು ಎಂದು ಅಪ್ಪಯ್ಯ ಹೊಗಳಿದ, ರುಬ್ಬುವವನು ಅವನಲ್ಲವಲ್ಲ. ವೈಫೈ ಕೂಡ ಹೀಗೆಯೇ ಒಂದು ಪಾಠ ಕಲಿಸಿತು: ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಬೇಸಿಗೆಯ ಸೆಕೆಯನ್ನು ಒಳಗೆ ಬಿಡುವುದಿಲ್ಲ, ಸಿಗ್ನಲ್ಲನ್ನೂ ಬಿಡುವುದಿಲ್ಲ. ಜಗಲಿಯ ರೌಟರಿನಿಂದ ಮೆತ್ತಿನವರೆಗೆ ತಂತಿಯನ್ನೇ ಎಳೆದು ಲ್ಯಾಪ್‌ಟಾಪಿಗೆ ಚುಚ್ಚಿದ ಮೇಲೆ ಮುಖಗಳು ಕಲ್ಲಾಗುವುದು ನಿಂತಿತು.

ಕಷ್ಟವಾದದ್ದು ಮೇಜು.

ಕೊಟ್ಟಿಗೆಯ ಅಟ್ಟದಲ್ಲಿ ಹತ್ತು ವರ್ಷದಿಂದ ಒಣಗುತ್ತಿದ್ದ ಹಲಸಿನ ಹಲಗೆಗಳಿದ್ದವು. ಆಚಾರಿ ಬಂದು ಬೆರಳಿನಿಂದ ಬಡಿದು ನೋಡಿ, 'ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗುತ್ತದೆ' ಎಂದರು. ಮೆತ್ತಿನ ಏಣಿಮೆಟ್ಟಿಲು ಎಷ್ಟು ಕಿರಿದೆಂದರೆ ಕಟ್ಟಿದ ಮೇಜು ಅಲ್ಲಿ ಹತ್ತುವ ಹಾಗಿಲ್ಲ. ಹಾಗಾಗಿ ಹಲಗೆಗಳನ್ನು ಮೇಲೆ ಸಾಗಿಸಿ ಅಲ್ಲೇ ಕೂತು ಕಟ್ಟಿದರು. ಮೂರು ದಿನ ಮನೆಯೆಲ್ಲ ಹಲಸಿನ ಹೊಟ್ಟಿನ ಅರಿಶಿನ ಬಣ್ಣ. ಒಂದೂ ಮೊಳೆಯಿಲ್ಲದ, ಮರಕ್ಕೆ ಮರವನ್ನೇ ಸಿಕ್ಕಿಸಿ ಕೂರು ಬಿಗಿದ ಮೇಜು ಅದು. ಅಂಚಿನ ಮೇಲೆ ಕೈಯಾಡಿಸಿದರೆ ಬೆಣ್ಣೆ. ಎತ್ತರ 30 ಇಂಚು. 'ಮೇಜೆಂದರೆ ಎರಡೂವರೆ ಅಡಿ' ಎನ್ನುವುದು ಅವರ ಲೆಕ್ಕ. ಅಂಗಡಿಯ ಮೇಜುಗಳ ಲೆಕ್ಕವೂ ಹೆಚ್ಚುಕಡಿಮೆ ಅದೇ. ನನ್ನ ಎತ್ತರ ಐದು ಅಡಿ ಎನ್ನುವುದು ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ.

ಕೂತರೆ ಮೊಣಕೈ ಮೇಜಿಗಿಂತ ಕೆಳಗೆ. ಕುರ್ಚಿ ಎತ್ತರಿಸಿದರೆ ಕಾಲು ಗಾಳಿಯಲ್ಲಿ. ಚಕ್ರದ ಕುರ್ಚಿಯದು ಇನ್ನೊಂದು ಪುರಾಣ. ತಂದುಕೊಡುವವರು ಸಾಗರ ಪೇಟೆಯಿಂದ ಮುಂದಕ್ಕೆ ಬರಲೊಪ್ಪದೆ ಅದು ಗೊಬ್ಬರದ ಚೀಲಗಳ ಮೇಲೆ ಪಿಕ್‌ಅಪ್ ಹತ್ತಿ ಮನೆಗೆ ಬಂತು. ಬಂದು ನೋಡಿದರೆ ಮೆತ್ತಿನ ಹಲಗೆ ನೆಲದ ಸಂದುಗಳಲ್ಲಿ ಚಕ್ರ ಸಿಕ್ಕಿಬಿದ್ದು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಎರಡು ವಾರದಲ್ಲಿ ಬಲ ಹೆಗಲು ಹಿಡಿಯಿತು. ನೋವಿನೆಣ್ಣೆಯ ವಾಸನೆ ಕೋಣೆಯ ಅಡಿಕೆಯ ವಾಸನೆಯನ್ನೂ ಮೀರಿಸಿತು.

ಆಗ ಕೆಳಗೆ ಅಂಗಳದ ಚಪ್ಪರದಲ್ಲಿ ಅಡಿಕೆ ಸುಲಿತ ನಡೆಯುತ್ತಿತ್ತು. ನಮ್ಮಲ್ಲಿ ಸುಲಿಯುವ ಯಂತ್ರ ಇನ್ನೂ ಬಂದಿರಲಿಲ್ಲ. ಏಳೆಂಟು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹತ್ತರವರೆಗೂ ಸುಲಿಯುತ್ತಿದ್ದರು. ಅವರಲ್ಲೊಬ್ಬರು, ನಾನು ಹುಟ್ಟುವ ಮೊದಲಿನಿಂದಲೂ ನಮ್ಮಲ್ಲಿಗೆ ಬರುವವರು, ಗೋಣಿಚೀಲ ಒಯ್ಯಲು ಮೆತ್ತು ಹತ್ತಿದವರು ನನ್ನನ್ನೇ ನೋಡುತ್ತ ನಿಂತರು.

'ಸಣ್ಣಮ್ಮಾ, ಹೆಗಲನ್ನು ಹಾಗೆ ಕಿವಿಗೆ ತಾಗಿಸಿಕೊಂಡು ಕೂತರೆ ರಾತ್ರಿ ನಿದ್ದೆ ಬರುತ್ತದೆಯೇ?'

ಬರುವುದಿಲ್ಲ ಎಂದೆ.

'ಹೇಗೆ ಬರುತ್ತದೆ? ಕತ್ತಿ ಎತ್ತರವಾದರೆ ನಮ್ಮದೂ ರಟ್ಟೆ ಬಿದ್ದುಹೋಗುತ್ತದೆ. ಕೈ ತಾನಾಗಿ ಇಳಿದು ಎಲ್ಲಿ ನಿಲ್ಲುತ್ತದೋ ಕೆಲಸ ಅಲ್ಲಿರಬೇಕು. ಮತ್ತೆ ಒಂದು ಡಬ್ಬ ತುಂಬಿದ ಮೇಲೆ ಏಳಬೇಕು. ಎಲೆ ಹಾಕುವುದಕ್ಕಾದರೂ ಏಳಬೇಕು. ನೀವು ಎದ್ದದ್ದನ್ನೇ ನಾನು ಕಾಣಲಿಲ್ಲ.'

ಮೊಣಕೈ ಲಂಬಕೋನದಲ್ಲಿರಬೇಕು, ಪಾದ ನೆಲಕ್ಕೂರಬೇಕು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡಬೇಕು. ಇವೆಲ್ಲ ಕಂಪನಿ ಕಳುಹಿಸಿದ ಸೂಚನೆಯಲ್ಲೂ ಇದ್ದವು. ಅದನ್ನು ಓದಿ, ಓದಿದ್ದೇನೆ ಎಂದು ಗುರುತು ಹಾಕಿ ವಾಪಸ್ಸು ಕಳುಹಿಸಿದ್ದೆ. ಈಕೆ ಹೇಳಿದ ಮರುದಿನ ಆಚಾರಿಗೆ ಫೋನ್ ಮಾಡಿದೆ.

'ಕಾಲು ಕತ್ತರಿಸುವುದೇ?' ಎಂದು ಅವರು ಕೇಳಿದ ಧಾಟಿಗೆ, ನಾನು ಮಾತಾಡುತ್ತಿರುವುದು ಮೇಜಿನ ವಿಷಯವೋ ಮನುಷ್ಯರ ವಿಷಯವೋ ಎಂದು ನನಗೇ ಅನುಮಾನ ಬಂತು. ಬಂದರು. ನಾಲ್ಕೂ ಕಾಲಿಗೆ ಪೆನ್ಸಿಲ್ ಗೆರೆ ಹಾಕಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತರು. 'ತಂಗಿ, ಆರು ಇಂಚು ಎನ್ನುತ್ತೀಯಲ್ಲ. ನಾನು ಮೂರು ಕೊಡುತ್ತೇನೆ. ಉಳಿದ ಮೂರಕ್ಕೆ ಕಾಲ ಕೆಳಗೊಂದು ಮಣೆ ಹಾಕಿಕೊ. ನಾಳೆ ಇಲ್ಲಿ ಬೇರೆ ಯಾರಾದರೂ ಕೂರುವುದಿಲ್ಲವೇ?' ಎಂದರು. ಮೀನು ಮಾರುವವರ ಹತ್ತಿರವೂ ಇಂಥ ಚೌಕಾಶಿ ನಡೆಯುವುದಿಲ್ಲ. ಒಪ್ಪಿಕೊಂಡೆ. ಊಟದ ಮಣೆಗಳ ರಾಶಿಯಿಂದ ಅಂಚು ಸವೆದ ಒಂದು ಮಣೆ ಮೇಜಿನ ಕೆಳಗೆ ಬಂತು. ಕತ್ತರಿಸಿದ ನಾಲ್ಕು ತುಂಡುಗಳನ್ನು ಎಸೆಯಲು ಮನಸ್ಸಾಗಲಿಲ್ಲ. ಅವನ್ನು ನಾಲ್ಕು ಮೂಲೆಗಿಟ್ಟು, ಮೇಲೆ ಅಪ್ಪಯ್ಯನ ಹಳೆಯ ಲೆಕ್ಕದ ಪುಸ್ತಕ ಎರಡನ್ನು ಪೇರಿಸಿ, ಅದರ ಮೇಲೆ ಲ್ಯಾಪ್‌ಟಾಪ್ ಕೂರಿಸಿದೆ. ಪರದೆ ಕಣ್ಣಿನ ಮಟ್ಟಕ್ಕೆ ಬಂತು. ಬೇರೆ ಕೀಲಿಮಣೆ ಒಂದನ್ನು ತರಿಸಿಕೊಂಡೆ. ಹೆಗಲು ಹದಿನೈದು ದಿನದಲ್ಲಿ ಇಳಿಯಿತು.

ಬೆಳಕಿನದು ಒಂದು ತಮಾಷೆ. ಕಿಟಕಿಗೆ ಬೆನ್ನು ಮಾಡಿ ಕೂತರೆ ಸಭೆಯಲ್ಲಿ ನಾನು ಬರೀ ನೆರಳು. ಮುಖ ಮಾಡಿ ಕೂತರೆ ಕಣ್ಣು ಕುಕ್ಕುತ್ತದೆ. ಪಕ್ಕಕ್ಕೆ ಕೂತು ಅದನ್ನು ಬಗೆಹರಿಸಿದೆ. ಆದರೆ ಮಾಡಿನಲ್ಲಿ ಒಂದು ಗಾಜಿನ ಹಂಚಿದೆ. ಹನ್ನೊಂದೂಕಾಲಿನ ಹೊತ್ತಿಗೆ ಅದರಿಂದಿಳಿದ ಬಿಸಿಲುಕೋಲು ನೆಲದ ಮೇಲೆ ತೆವಳುತ್ತ ಬಂದು, ಮೇಜು ಹತ್ತಿ, ಸರಿಯಾಗಿ ಪರದೆಯ ಮೇಲೆ ಕೂರುತ್ತಿತ್ತು. ಹಂಚು ಬದಲಾಯಿಸೋಣ ಎಂದೆ. ಅಪ್ಪಯ್ಯ ಮಾಡು ನೋಡಲೂ ಇಲ್ಲ. 'ಮೇಜನ್ನು ಒಂದು ಮೊಳ ಸರಿಸು. ಸಂಕ್ರಾಂತಿ ಕಳೆಯಲಿ, ಅದೇ ಆಚೆ ಹೋಗುತ್ತದೆ.' ಹೋಯಿತು. ಮಾರ್ಚ್ ಹೊತ್ತಿಗೆ ಆ ಕೋಲು ಅಡಿಕೆ ಚೀಲಗಳ ಕಡೆ ಸರಿದು, ನನ್ನ ಮೇಜು ಹಳೆಯ ಜಾಗಕ್ಕೆ ಮರಳಿತು.

ಇಷ್ಟೆಲ್ಲ ಆದರೂ ಒಂದು ಮಾತ್ರ ಬಗೆಹರಿದಿರಲಿಲ್ಲ: ನಾನು ಮನೆಯಲ್ಲಿ ಇಲ್ಲ ಎನ್ನುವುದನ್ನು ಮನೆಯವರಿಗೆ ತಿಳಿಸುವುದು. 'ಹೇಗೂ ಮನೆಯಲ್ಲೇ ಇದ್ದೀಯಲ್ಲ' ಎಂಬ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸೇರಿದವರಿಗೆ ಚಹಾ ಮಾಡು, ಹಾಲಿನ ಪಾತ್ರೆ ನೋಡು, ಅಡಿಕೆ ಗೊನೆ ಇಳಿಸುವ ಕೊನೆಗೌಡನಿಗೆ ಬೆಲ್ಲ ನೀರು ಕೊಡು, ಅಜ್ಜಿಯ ಸೂಜಿಗೆ ದಾರ ಪೋಣಿಸು. ಪಕ್ಕದ ಊರಿನಲ್ಲಿ ನನ್ನ ಹಾಗೆಯೇ ಮನೆಗೆ ಬಂದ ಚಿಕ್ಕಪ್ಪನ ಮಗನ ಕೋಣೆಗೆ ಚಿಕ್ಕಮ್ಮ ಚಹಾ ಒಯ್ದು ಸದ್ದಿಲ್ಲದೆ ಇಟ್ಟು ಬರುತ್ತಿದ್ದರು. ಅವನು ಮಾಡುತ್ತಿದ್ದದ್ದು 'ಆಫೀಸು', ನಾನು ಮಾಡುತ್ತಿದ್ದದ್ದು 'ಆ ಕಂಪ್ಯೂಟರು'. ಬಾಗಿಲಿಗೆ ಚೀಟಿ ಅಂಟಿಸಿದೆ. ಯಾರೂ ಓದಲಿಲ್ಲ. ಮೆಟ್ಟಿಲಿನ ಕಟಾಂಜನದ ಕಂಬಿಗೆ ಕೆಂಪು ಬೈರಾಸು (ಟವೆಲ್) ಇಳಿಬಿಟ್ಟೆ, ಇದು ತೂಗುತ್ತಿರುವಾಗ ಕರೆಯಬೇಡಿ ಎಂದೆ. ಒಣಗಿದೆ ಎಂದು ಅಮ್ಮ ಅದನ್ನು ಮಡಚಿ ಒಳಗಿಟ್ಟಳು.

ಪರಿಹಾರ ಅಜ್ಜಿಯಿಂದ ಬಂತು. ಅವಳಿಗಾಗ ಎಂಬತ್ತಾರು. ಮೊದಲ ದಿನದಿಂದಲೂ ನನ್ನ ಕೆಲಸದ ಬಗ್ಗೆ ಅವಳಿಗೆ ಒಂದೇ ಪ್ರಶ್ನೆ: 'ನೀನು ಮಾತಾಡುವಾಗ ಅವರಿಗೆ ನಮ್ಮ ಮನೆಯೂ ಕೇಳಿಸುತ್ತದೆಯೇ?' ಕೇಳಿಸುತ್ತದೆ ಎಂದಿದ್ದೆ. ಒಂದು ದಿನ ದೂರದ ನೆಂಟರೊಬ್ಬರು ಜಗಲಿಗೆ ಬಂದವರೇ ನನ್ನ ಹೆಸರು ಕೂಗುತ್ತ ಮೆಟ್ಟಿಲ ಬುಡಕ್ಕೆ ಬಂದರು. ಮೇಲೆ ನಾನು ಮೈಕ್ ಆಫ್ ಮಾಡಲು ತಡಕಾಡುತ್ತಿದ್ದೆ. ಅಷ್ಟರಲ್ಲಿ ಅಜ್ಜಿಯ ಧ್ವನಿ.

'ಹತ್ತಬೇಡ! ಅವಳು ಮಡಿಯಲ್ಲಿದ್ದಾಳೆ.'

ನೆಂಟರು ನಿಂತರು. ಏಕೆ, ಏನು, ಎಷ್ಟು ಹೊತ್ತು ಎಂದು ಒಂದು ಮಾತೂ ಕೇಳಲಿಲ್ಲ. ಮಡಿಯಲ್ಲಿದ್ದವರನ್ನು ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ, ಅವರು ತಾವಾಗಿ ಎದ್ದು ಬರುವವರೆಗೆ ಕಾಯಬೇಕು. ಇದನ್ನು ನಮ್ಮ ಮನೆಯಲ್ಲಿ ಮೂರು ವರ್ಷದ ಮಗುವಿಗೂ ವಿವರಿಸಬೇಕಿಲ್ಲ. ಆ ಮಡಿಯ ಬಗ್ಗೆ ನನಗೆ ಬೇಕಾದಷ್ಟು ತಕರಾರುಗಳಿವೆ, ಹದಿಹರೆಯದಲ್ಲಿ ಜಗಳವನ್ನೂ ಆಡಿದ್ದೇನೆ. ಆದರೂ ಅಂದಿನಿಂದ ಬೆಳಿಗ್ಗೆ ಮೆತ್ತು ಹತ್ತುವ ಮೊದಲು ಅಡುಗೆಮನೆಗೆ ಇಣುಕಿ ನಾನೇ ಹೇಳತೊಡಗಿದೆ: 'ಅಮ್ಮಾ, ಹನ್ನೆರಡೂವರೆಯಿಂದ ಒಂದೂವರೆ ಮಡಿ.' ಅಮ್ಮ ಕಾಯಿಯನ್ನು ಹನ್ನೆರಡಕ್ಕೇ ರುಬ್ಬಿ ಮುಗಿಸುತ್ತಿದ್ದಳು.

2022ರಲ್ಲಿ ಕಂಪನಿ ವಾಪಸ್ಸು ಕರೆಯಿತು. ವಾರಕ್ಕೆ ಮೂರು ದಿನ ಬೆಂಗಳೂರು ಎಂದರೆ ಊರಲ್ಲಿರುವುದು ಆಗದ ಮಾತು. ಈಗ ತಿಂಗಳಿಗೊಮ್ಮೆ ಶುಕ್ರವಾರ ಸೇರಿಸಿಕೊಂಡು ಬರುತ್ತೇನೆ. ಮೇಜು ಮೆಟ್ಟಿಲು ಇಳಿಯುವುದಿಲ್ಲವಾದ್ದರಿಂದ ಅಲ್ಲೇ ಇದೆ. ಅಡಿಕೆಯ ಲೆಕ್ಕವನ್ನು ಜಗಲಿಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಅಪ್ಪಯ್ಯ ಈಗ ಮೆತ್ತು ಹತ್ತುತ್ತಾನೆ. ಅವನು ಆರಡಿಯ ಆಳು. ಮೇಜು ತಗ್ಗಾಯಿತು, ಮೊಣಕಾಲು ತಾಗುತ್ತದೆ ಎಂದು ಒಂದೆರಡು ಸಲ ಗೊಣಗಿದ್ದ. ಕಳೆದ ಸಲ ಬಂದು ಕೂತಾಗ ಮೊಣಕೈ ಮತ್ತೆ ಗಾಳಿಯಲ್ಲಿ. ಬಗ್ಗಿ ನೋಡಿದೆ. ಆ ನಾಲ್ಕು ತುಂಡುಗಳು ತಂತಮ್ಮ ಕಾಲಿನ ಕೆಳಗೆ, ಪೆನ್ಸಿಲ್ ಗೆರೆ ಗೆರೆಗೆ ಕೂಡುವಂತೆ ಕೂತಿದ್ದವು. ಮೇಜಿನ ಒಂದೊಂದೇ ಮೂಲೆ ಎತ್ತಿ ಅವನ್ನು ಕಾಲಿನಿಂದ ಆಚೆ ನೂಕಿದೆ. ಸೋಮವಾರ ಬಸ್ಸಿಗೆ ಹೊರಡುವ ಮುಂಚೆ ಮರಳಿ ಇಡಬೇಕೆಂದಿದ್ದೆ, ಮರೆತೆ. ಸಂಜೆ ಅಪ್ಪಯ್ಯನ ಫೋನು: 'ನಾಲ್ಕನೆಯ ತುಂಡು ಎಲ್ಲಿಗೆ ನೂಕಿದೆ ಮಾರಾಯ್ತಿ?'